ಹಾಳೆ ತಿರುವುವವನು

ನನ್ನ ಕೆಲಸ ಸಣ್ಣದು.
ಪಿಯಾನೋದ ಎಡಕ್ಕೆ, ಬೆಳಕು ಬೀಳದ ಕುರ್ಚಿಯಲ್ಲಿ ಕೂತು
ಪುಟ ಮುಗಿಯಲು ನಾಲ್ಕೆಣಿಕೆ ಇರುವಾಗ ಏಳುವುದು,
ಎಡಗೈ ಚಾಚಿ ಹಾಳೆಯ ಮೇಲ್ತುದಿ ಹಿಡಿಯುವುದು,
ಅವಳು ಗದ್ದ ಆಡಿಸಿದೊಡನೆ ತಿರುವುವುದು,
ಮತ್ತೆ ಇಲ್ಲವಾಗುವುದು.
ಅಚ್ಚಾದ ಪತ್ರಿಕೆಯಲ್ಲಿ ನನ್ನ ಹೆಸರಿರುವುದಿಲ್ಲ.
ಕೋಟು ಮಾತ್ರ ಇಸ್ತ್ರಿಯಾಗಿರಬೇಕು.

ಮಾರಿಬೋರ್. ಫೆಬ್ರವರಿ. ದ್ರಾವಾ ನದಿ ಅಂಚಿನಲ್ಲಿ
ಹೆಪ್ಪುಗಟ್ಟಿ ನಡುವೆ ಹರಿಯುತ್ತಿದ್ದ ವಾರ.
ಮಿಲೋಯ್ಕಾ ರೆಬೆರ್ನಿಕ್‌ಗೆ ಎಪ್ಪತ್ತೊಂದು.
ಬಾಯಿಪಾಠ ನುಡಿಸುವುದನ್ನು ಅರವತ್ತಕ್ಕೇ ಬಿಟ್ಟವಳು,
ನೆನಪು ಬೇರೆ ಕೆಲಸಕ್ಕೆ ಬೇಕು ಅಂತ.
ಅವಳ ಹಳೆಯ ಪುಸ್ತಕದ ಕೊನೆಗೆ
ಯಾರೋ ಪ್ರೊಫೆಸರು ಬರೆದಿಟ್ಟ ಕೆಡೆನ್ಸಾ ಇದೆ, ಮೂರು ಪುಟ.
ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ ಮುಚ್ಚಿದ್ದಾಳೆ.
"ಇನ್ನೊಬ್ಬರ ಹಲ್ಲುಸೆಟ್ಟು" ಎನ್ನುತ್ತಾಳೆ.

ತಾಲೀಮಿನಲ್ಲಿ ಆ ಜಾಗ ಬಂದಾಗ
ಎರಡೂ ಕೈ ತೊಡೆಯ ಮೇಲಿಟ್ಟು, "ಇಲ್ಲಿ ನಾನಿರ್ತೀನಿ" ಎಂದಳು;
ನೇರ ಕೊನೆಯ ಟ್ರಿಲ್ಲಿಗೆ ಜಿಗಿದಳು.
ಎಷ್ಟು ಹೊತ್ತು, ಅಂದಾಜಾದರೂ? ಕೇಳಿದ ನಿರ್ದೇಶಕ ಇಗ್ನಾತ್ಸ್.
"ಊಟಕ್ಕೆ ಕೂತವರನ್ನ ಯಾವಾಗ ಏಳ್ತೀರಿ ಅಂತ ಕೇಳ್ತಾರಾ?"

ಆ ಸಂಜೆ
ವಾದ್ಯಗಳೆಲ್ಲ ಒಟ್ಟಿಗೆ ಏರಿ ಒಂದು ಮೆಟ್ಟಿಲ ಮೇಲೆ ನಿಂತವು,
ಬಾಗಿಲಿಗೆ ಕೈಯಿಟ್ಟು ತಳ್ಳದೆ ನಿಂತವರ ಹಾಗೆ.
ಪುಟದ ಕೊನೆಗೆ ಆ ಗುರುತು:
ಬಾಗಿದ ತಲೆಕಟ್ಟು, ಕೆಳಗೆ ಅಕ್ಷರವಿಲ್ಲ,
ಒಂದು ಚುಕ್ಕೆ ಅಷ್ಟೆ.
ಪಿಟೀಲುಗಳು ಮಡಿಲಿಗಿಳಿದವು. ಓಬೋದವನು
ಎಂಜಲು ಕೊಡವಿಕೊಂಡ.
ನನ್ನ ಕೈಗೂ ಕೆಲಸವಿಲ್ಲ.

ಮೊದಲು ಗೊತ್ತಿದ್ದ ರಾಗವನ್ನೇ ಎತ್ತಿಕೊಂಡಳು,
ಅಂಗಿಯನ್ನು ಒಳಮಗ್ಗುಲು ಮಾಡಿ ಹೊಲಿಗೆ ನೋಡುವಂತೆ.
ಆಮೇಲೆ ಎಡಗೈ ಇಳಿಯತೊಡಗಿತು,
ಬಲಗೈ ಬೇಡವೆನ್ನುತ್ತಲೇ ಹಿಂದೆ ಹೋಯಿತು,
ಬಿಳಿ ಮನೆಗಳ ಬೀದಿ ದಾಟಿ
ಕಪ್ಪು ಮನೆಗಳೇ ತುಂಬಿದ ಕೇರಿಗೆ.
ಚೆನ್ನಾಗಿತ್ತು. ತುಂಬ ಚೆನ್ನಾಗಿತ್ತು.
ಆದರೆ ಅಲ್ಲಿಂದ ದಾರಿ ಅವಳಿಗೆ ಗೊತ್ತಿರಲಿಲ್ಲ.

ಸಭೆಗೆ ಅದು ಕಾಣದು. ನನಗೆ ಕಂಡದ್ದು ಅವಳ ಎಡಗಾಲು:
ಪೆಡಲು ಬಿಟ್ಟು ಸ್ಟೂಲಿನಡಿ ಸರಿದು
ಮೆಲ್ಲಗೆ ನೆಲ ಸವರುತ್ತಿತ್ತು,
ನಡುರಾತ್ರಿ ಹಾಸಿಗೆಯಿಂದ ಇಳಿದವರು
ಕತ್ತಲಲ್ಲಿ ಚಪ್ಪಲಿ ತಡಕುವ ಹಾಗೆ.

ಒಂದೇ ತಿರುವನ್ನು ಮೂರು ಸಲ ತಿರುಗಿದಳು.
ನಾಲ್ಕನೆಯದಕ್ಕೆ ಕೈ ಎತ್ತಿದಳು. ಇಟ್ಟಲಿಲ್ಲ.

ಇಗ್ನಾತ್ಸನ ಕೋಲು ಅರ್ಧಕ್ಕೆ ಏರಿ
ನಾಚಿ ಇಳಿಯಿತು.
ಎರಡನೆಯ ಸಾಲಿನಲ್ಲಿ ಯಾರೋ ಕೆಮ್ಮು ನುಂಗಿದರು.
ಆಗ ಕೇಳಿಸಿದ್ದು ಗೋಡೆಯ ಹೀಟರು:
ಕಾದ ಕೊಳವೆ ಟಣ್,
ಬಿಟ್ಟು, ಮತ್ತೆ ಟಣ್, ಟಣ್.
ಪ್ರತಿ ಚಳಿಗಾಲ ನಾವು ಶಾಪ ಹಾಕುವ ಕೊಳವೆ.

ಅವಳು ತಲೆ ವಾಲಿಸಿದಳು, ಪಕ್ಕದ ಮನೆಯವರು ಕರೆದರೋ ಎಂಬಂತೆ.
ಕೆಳಗಿನ ಜಿ ಒಂದನ್ನು ಕಿರುಬೆರಳಲ್ಲಿ ಮುಟ್ಟಿದಳು,
ಹೀಟರಿನ ಹಿಂದೆ, ತುಸು ತಡವಾಗಿ.
ಮತ್ತೆ, ಜೊತೆಯಾಗಿ.
ಮತ್ತೆ, ಅದಕ್ಕಿಂತ ಮೊದಲು.
ಆ ಒಂದೇ ಸ್ವರದ ಮೇಲೆ ಕಪ್ಪು ಕೇರಿಯ ಮಾತೆಲ್ಲ
ಒಂದೊಂದಾಗಿ ಬಂದು ಕೂತವು,
ಕೆಲವು ಕೂರಲೊಪ್ಪದೆ, ಕೆಲವು ಅಳುಮುಖ ಮಾಡಿ.
ಮೇಲೆಲ್ಲೋ ಟ್ರಿಲ್ಲು ಮಿಸುಕಿತು, ಹಕ್ಕಿಮರಿ ಕೈಯಲ್ಲಿದ್ದಂತೆ.
ಇಗ್ನಾತ್ಸ್ ಉಸಿರೆಳೆದ. ಪಿಟೀಲುಗಳು ಗದ್ದಕ್ಕೇರಿದವು.
ಎಲ್ಲರೂ ಒಳಗೆ ಬಂದರು.

ನಾನು ಬರಲಿಲ್ಲ.
ನನ್ನ ಕೈ ಮೊಣಕಾಲ ಮೇಲೆ ಹಾಗೇ ಇತ್ತು.
ಟ್ರಿಲ್ಲಿನ ಬಾಲ ಬಲಗೈಗೆ ಬಿಟ್ಟು
ಎಡಗೈಯಿಂದ ಅವಳೇ ಹಾಳೆ ತಿರುವಿದಳು, ಪಟ್ಟನೆ,
ಪುಟದ ಮೂಲೆ ಹರಿಯಿತು.

ಕೋಟು ಹಾಕಿಕೊಳ್ಳುವಲ್ಲಿ ಸಿಕ್ಕಳು.
ಒಂದು ಗವುಸು ಕಾಣದೆ ಜೇಬುಗಳನ್ನೆಲ್ಲ ತಡಕುತ್ತಿದ್ದಳು.
ಕ್ಷಮೆ ಕೇಳಲು ಬಾಯಿ ತೆರೆದೆ.
"ಎಲ್ಲಿ ಹೋಗಿದ್ದೆಯೋ ನೀನು?" ಎಂದಳು,
ನಿಜಕ್ಕೂ ಸಿಟ್ಟಾಗಿಯೇ.

ಆ ರಾತ್ರಿ ಗೀಟು ಹಾಕಿದ ಹಾಳೆ ಮುಂದಿಟ್ಟುಕೊಂಡು ಕೂತೆ.
ಇಳಿವ ಎಡಗೈ ಬರೆದೆ, ತಪ್ಪು. ಹೊಡೆದು ಹಾಕಿದೆ.
ಕೇರಿ ಬರೆದೆ. ಅದೂ ಅಲ್ಲ.
ಹೀಟರಿನ ಟಣ್ ಒಂದು ಮಾತ್ರ
ಕರಾರುವಾಕ್ಕಾಗಿ ಸಿಕ್ಕಿತು.