ಅರದ ಚಾಕು

ಅಕ್ಕಲಕೋಟೆಯ ಸಂತೆ, ದಸ್ತಗೀರನ ಗೋಣಿತಾಟು:
ನಟ್ಟು, ಬೋಲ್ಟು, ಸೈಕಲ್ ಬೆಲ್ಲಿನ ಬರೀ ಬುರುಡೆ,
ತಕ್ಕಡಿಯ ಒಂಟಿ ತಟ್ಟೆ.
ಅವುಗಳಡಿಯಲ್ಲಿ ಇದು.
ಚಾಕೆಂದು ಗುರುತು ಸಿಕ್ಕಿದ್ದು ಬೆನ್ನಿನ ದಪ್ಪದಿಂದ,
ಮಿಕ್ಕದ್ದೆಲ್ಲ ತುಕ್ಕು.

ಅವ ತೂಗಿದ. ಗುಜರಿ ಲೆಕ್ಕಕ್ಕೆ ಎಂಟು ರೂಪಾಯಿ.
ಹತ್ತು ಕೊಟ್ಟೆ; ಚಿಲ್ಲರೆ ಇಲ್ಲವೆಂದು
ಹಿತ್ತಾಳೆಯದೊಂದು ಮೊಳೆ ಕೊಟ್ಟ.

ನಮ್ಮ ಖಾನಾವಳಿಯಲ್ಲಿ ಬೋರ್ಡು ಮರಾಠಿ, ಬೈಗುಳ ಕನ್ನಡ.
ರೊಟ್ಟಿ ಬಡಿಯುತ್ತಲೇ ನಿಂಬೆವ್ವ ನಕ್ಕಳು:
"ಅಕ್ಕಾ, ಇದನ್ನ ತಿಕ್ಕಿ ಮುಗಸೂದ್ರಾಗ
ನಿಮ್ಮ ಕೈನೇ ಸವದು ಹೋಗ್ತಾವ."

ಹುಣಸೆ ನೀರಲ್ಲಿ ಮುಳುಗಿಸಿಟ್ಟೆ.
ನಡುರಾತ್ರಿ ದೀಪ ಹಚ್ಚಿ ನೋಡಿದರೆ
ಅದರ ಮೈತುಂಬ ಸಣ್ಣ ಗುಳ್ಳೆ,
ಒಳಗೆ ಯಾರೋ ಉಸಿರಾಡುತ್ತಿರುವ ಹಾಗೆ.
ಬೆಳಿಗ್ಗೆ ನೀರು ಶಾಯಿ.
ಬೂದಿ, ಇಟ್ಟಂಗಿ ಪುಡಿ, ತೆಂಗಿನ ನಾರು, ಎರಡು ಮಧ್ಯಾಹ್ನ.
ಕೆಂಪು ಇಳಿಯಿತು. ಅದರಡಿಯ ಕಪ್ಪು ಇಳಿಯಲಿಲ್ಲ.

"ಎರಡೇ ಮಿನಿಟು, ಕನ್ನಡಿ ಮಾಡಿ ಕೊಡ್ತೀನಿ" ಎಂದ
ಗ್ರೈಂಡರ್ ಅಂಗಡಿಯ ಹುಡುಗ.
ಕೊಡಲು ಕೈ ಚಾಚಿಯೂ ಇದ್ದೆ.

ಎದುರಿನ ಬಯಲಲ್ಲಿ ಬಂಡಿ ಬಿಟ್ಟಿದ್ದ ಘಿಸಾಡಿ ಮುದುಕಿ
ತಿದಿ ಬಿಟ್ಟು ಎದ್ದು ಬಂದಳು.
ಸೋನಾಬಾಯಿ. ಹೆಸರಷ್ಟೇ ಚಿನ್ನ, ಬಾಳೆಲ್ಲ ಕಬ್ಬಿಣ.
ಹಿಡಿ ಬೀಳುವ ಜಾಗವನ್ನು ಉಗುರಿಂದ ಕೆರೆದಳು:
ಅಡ್ಡಡ್ಡ ಗೀರು, ಸಾಲು ಸಾಲು ಸಣ್ಣ ಹಲ್ಲು.
"ಇದು ಮೊದಲ ಅರ ಇತ್ತವ್ವ. ಸವದು ಬಿಸಾಕಿದ್ದನ್ನ
ಯಾರೋ ಬಡದು ಚಾಕು ಮಾಡ್ಯಾರ.
ಗ್ರೈಂಡರಿಗೆ ಹಿಡದ್ರ ಹದ ಸುಟ್ಟು ಹೋಗ್ತದ,
ಆಮ್ಯಾಲ ಬೆಣ್ಣಿ ಕೊಯ್ಯಾಕಷ್ಟ."
ಕಪ್ಪಿನ ಮೇಲೆ ಬೆರಳಾಡಿಸಿ ಮತ್ತೆ ಅಂದಳು:
"ಕೆಂಪು ತಿಂತದ. ಕರಿ ಕಾಯ್ತದ.
ಕರೀದಕ್ಕ ಕೈ ಹಚ್ಚಬ್ಯಾಡ."
ರೊಕ್ಕ ಮುಟ್ಟಲಿಲ್ಲ. ರೊಟ್ಟಿ, ಝುಣಕ ಉಂಡಳು,
ಉಳ್ಳಾಗಡ್ಡಿ ಕಡಿಮೆ ಆತು ಎಂದಳು.

ಒಂದು ಕಿವಿ ಮುರಿದ ಲಟ್ಟಣಿಗೆ ಇತ್ತು, ಅದೇ ಹಿಡಿಯಾಯಿತು;
ದಸ್ತಗೀರನ ಚಿಲ್ಲರೆ ಅದರೊಳಗೆ ತೂರಿ ಕೂತಿತು.
ಹಿತ್ತಲ ಮೆಟ್ಟಿಲ ಕರಿಕಲ್ಲಿಗೆ ನೀರು ಚಿಮುಕಿಸಿ
ಈ ಕಡೆ ಇಪ್ಪತ್ತು, ಆ ಕಡೆ ಇಪ್ಪತ್ತು,
ಹೆಬ್ಬೆರಳಿಗೆ ಕೂದಲೆಳೆಯಂಥ ಮುಳ್ಳು ತಾಗುವ ತನಕ.
ಆ ಮುಳ್ಳನ್ನು ತೆಗೆದದ್ದು
ಎಸ್.ಟಿ. ಕಂಡಕ್ಟರನಾಗಿದ್ದ ನಮ್ಮಣ್ಣನ ಚೀಲದ ತೊಗಲಪಟ್ಟಿ.
ಅವನ ಹೆಗಲ ಬೆವರೂ ಒಂದಿಷ್ಟು ಅಲಗಿಗೆ ಹತ್ತಿರಬೇಕು.

ಮೊದಲ ಟೊಮ್ಯಾಟೊ ತಾನು ಎರಡಾದದ್ದು
ಅದಕ್ಕೇ ಗೊತ್ತಾಗಲಿಲ್ಲ.
ಹತ್ತು ಕಿಲೋ ಉಳ್ಳಾಗಡ್ಡಿ ಮುಗಿಯುವಷ್ಟರಲ್ಲಿ
ಅಲಗಿನ ಮೇಲೊಂದು ನೀಲಿ, ಪಾರಿವಾಳದ ಕೊರಳಿನದು,
ಮರುದಿನ ನೇರಳೆ, ವಾರಕ್ಕೆ ಬೂದುಗಪ್ಪು.
ಸುಳ್ಳೇಕೆ, ದೂರೂ ಬಂದವು:
ಬದನೆಕಾಯಿ ಕಪ್ಪಾಗ್ಯಾವ ಎಂದರು ತಲಾಠಿ ಸಾಹೇಬರು,
ಮಾವಿನಕಾಯಿಗೆ ನಾಣ್ಯ ನೆಕ್ಕಿದ ರುಚಿ.
ಹುಳಿಗೆ ಈಗ ಆ ಪ್ಲಾಸ್ಟಿಕ್ ಹಿಡಿಯ ಸ್ಟೀಲ್ ಚಾಕು.

ಇದಕ್ಕೆ ಮರೆವು ಆಗದು.
ಒಂದು ರಾತ್ರಿ ನಿಂಬೆವ್ವ ಒದ್ದೆ ಬಿಟ್ಟು ಹೋದಳು;
ಬೆಳಿಗ್ಗೆ ತುದಿಗೆ ಕುಂಕುಮದಷ್ಟು ಕೆಂಪು.
ಬೈದೆ. ಎದುರಾಡಲಿಲ್ಲ,
ಬೂದಿ ತಗೊಂಡು ಮೂಲೆಗೆ ಕೂತಳು.

ಮಂದಿಯ ಕಬ್ಬಿಣ ತಿಂದು ಸವೆದ ಅರ
ಈಗ ನಮ್ಮ ಕಲ್ಲಿಗೆ ತನ್ನನ್ನು ತಿನ್ನಿಸುತ್ತಿದೆ,
ತಿಂಗಳಿಗೊಂದು ನೂಲಿನಷ್ಟು.
ನನಗಿಂತ ಮೊದಲು ಮುಗಿದೀತೋ ಏನೋ,
ನಾನು ಅಳೆಯಲು ಹೋಗಿಲ್ಲ.

ನಿನ್ನೆ ಮೆಂತ್ಯದ ಕಟ್ಟು ಬಿಚ್ಚಿ ಹುಡುಕಿದರೆ ಚಾಕಿಲ್ಲ.
ಕಡೆಗೆ ಸಿಕ್ಕಿದ್ದು ರೊಟ್ಟಿ ಬುಟ್ಟಿಯ ಬಟ್ಟೆಯಡಿ,
ಕುಸುಬಿ ಎಣ್ಣೆ ಸವರಿ, ಒಣಗಿಸಿ, ಮಲಗಿಸಿದ್ದು.
"ಯಾರ ಇಟ್ಟರ ಇಲ್ಲಿ?"
ನಿಂಬೆವ್ವ ತಲೆ ಎತ್ತಲಿಲ್ಲ, ಹಿಟ್ಟು ನಾದುತ್ತಲೇ ಅಂದಳು:
"ಕೊಡ್ತೀನಿ ತಗೋರಿ.
ಕೊಯ್ದ ಕೂಡ್ಲೆ ಒರಸಿ ಕೊಡ್ರಿ."