ಎಡಗಡೆಯ ಬಾಗಿಲು

ಡಾಕ್ಟರಮ್ಮ ಕೊಟ್ಟ ಚೀಟಿಯಲ್ಲಿ
ಹದಿಮೂರು ವಿಳಾಸ, ಹದಿಮೂರು ವೇಳೆ.
ಬ್ಯಾಗಿನ ತಳಕ್ಕೆ, ಟಿಫನ್ ಡಬ್ಬಿಯಡಿ
ಒಂಬತ್ತು ದಿನ ಮಡಿಸಿಟ್ಟಿದ್ದೆ.
ಮಡಿಕೆಯ ಮೇಲಿದ್ದ ಶಾಂತಿನಗರ
ಸಾರಿನ ಎಣ್ಣೆ ಕುಡಿದು ಅಳಿಸಿಹೋಯಿತು.
ಸರಿ, ಹನ್ನೆರಡು.

ನಾನು ಗಾರ್ಮೆಂಟ್ಸಿನಲ್ಲಿ ಚೆಕಿಂಗ್.
ಮೈಸೂರು ರಸ್ತೆ, ಮೂರನೇ ಮಹಡಿ, ಏಳನೇ ಲೈನು.
ಹೊಲಿಗೆ ತಪ್ಪಿದಲ್ಲಿ ಕೆಂಪು ಬಾಣ ಅಂಟಿಸುತ್ತೇನೆ,
ಅಕ್ಕಿಕಾಳಿನಷ್ಟು ಸ್ಟಿಕ್ಕರ್:
ಇಲ್ಲಿ ನೋಡು ಅನ್ನುತ್ತದೆ, ಬೈಯುವುದಿಲ್ಲ.
ಊಟದ ಬೆಲ್ಲಾದಾಗ ಟಾಯ್ಲೆಟ್ಟಿನ ಚಿಲಕ ಹಾಕಿಕೊಂಡು
ಚೀಟಿಗೂ ಅದನ್ನೇ ಅಂಟಿಸುತ್ತ ಹೋದೆ.

ನಾಯಂಡಹಳ್ಳಿಯದು ಹತ್ತಿರ. ಹತ್ತಿರವೇ ಅದರ ತಪ್ಪು.
ಎದುರಿಗೇ ನಾದಿನಿಯ ಹೂವಿನಂಗಡಿ;
ಮೊಳ ಹಾಕುತ್ತ ಹಾಕುತ್ತ ಬೀದಿಯನ್ನೂ ಅಳೆಯುತ್ತಾಳೆ.
ಕಾಕ್ಸ್‌ಟೌನಿನದು ಇಂಗ್ಲಿಷು.
ನನ್ನ ಕುಡಿತಕ್ಕೆ ಇಂಗ್ಲಿಷು ಬರುವುದಿಲ್ಲ.
ವಿಜಯನಗರದ್ದು ರಾತ್ರಿ ಎಂಟಕ್ಕೆ.
ಆ ಹೊತ್ತಿಗೆ ನಮ್ಮಲ್ಲಿ ಕುಕ್ಕರ್ ಕೂಗಬೇಕು.
ಕೂಗುವಾಗಲೇ ಅಲ್ಲವೇ, ಆ ಸದ್ದಿನ ಮರೆಯಲ್ಲಿ
ಅಕ್ಕಿ ಡಬ್ಬದ ಪ್ಯಾಕೆಟ್ಟು ತೆಗೆದು, ಹಲ್ಲಿನಿಂದ ಹರಿದು
ಸ್ಟೀಲು ಲೋಟಕ್ಕೆ ಬಗ್ಗಿಸಿ
ಮಜ್ಜಿಗೆಯೇನೋ ಎಂಬಂತೆ ತಟ್ಟೆ ಮುಚ್ಚುತ್ತಿದ್ದದ್ದು!

ಹೆಂಗಸರಿಗೆ ಬೇರೆ ಅಂತ ಒಂದೇ ಒಂದು.
ಬುಧವಾರ, ಮಧ್ಯಾಹ್ನ ಮೂರು, ಇಂದಿರಾನಗರ.
ಬುಧವಾರ ಮೂರಕ್ಕೆ ಬಿಡುವಿರುವ ಹೆಂಗಸರು
ಏನು ಕುಡಿಯುತ್ತಾರೋ, ನನಗೆ ಗೊತ್ತಿಲ್ಲ.

ಕೊನೆಗೆ ಬಾಣ ತಾಗದೆ ಉಳಿದದ್ದು
ಚಾಮರಾಜಪೇಟೆ. ಭಾನುವಾರ, ಸಂಜೆ ಐದು, ಶಾಲೆಯ ಹಿಂಭಾಗ.
ಓವರ್‌ಟೈಮ್ ಅಂದೆ ಗಂಡನಿಗೆ.
ಟೀಯನ್ನೂ ಕುಡಿಯದವನು ಅವನು,
ವರ್ಷವಿಡೀ ಮಾಲೆ ಹಾಕಿದವನ ಹಾಗೆ.

ಕುರ್ಚಿ ಹೊರುತ್ತಿದ್ದ ಬಿಳಿಗಡ್ಡದ ಅಂತೋಣಪ್ಪ
ನನ್ನ ಸೆರಗು ನೋಡಿ, ಪಾಪ, ತಾವೇ ಅರ್ಥ ಮಾಡಿಕೊಂಡರು:
"ಮನೆಯವರನ್ನು ಕರಕೊಂಡು ಬಂದ್ರಾ? ಕುಡಿಯೋರಿಗೆ ಎಡಗಡೆ.
ಮನೆಮಂದಿಗೆ ಬಲಗಡೆ ಕೋಣೆ, ಹೋಗಮ್ಮ."

ಬಲಗಡೆ ಹೋಗಿ ಕೂತೆ.

ಅಲ್ಲಿ ಒಬ್ಬಾಕೆ ಬಾಟಲಿ ಹುಡುಕುವ ಕಥೆ ಹೇಳಿದಳು:
ಸ್ಕೂಟರಿನ ಡಿಕ್ಕಿ, ಹಾಸಿಗೆಯ ಸುರುಳಿ, ಗಣಪತಿ ಪಟದ ಹಿಂದೆ.
ಅಕ್ಕಿ ಡಬ್ಬ ನೋಡಲಿಲ್ಲವೇ ಅಂದುಕೊಂಡೆ.
ನನ್ನ ಸರದಿ ಬಂದಾಗ, ಅಷ್ಟೂ ಕಣ್ಣುಗಳಲ್ಲಿ
ನನಗಾಗಿ ಒಬ್ಬ ಗಂಡ ಆಗಲೇ ತೂರಾಡುತ್ತಿದ್ದ.
ಅವನನ್ನೇ ಇಟ್ಟುಕೊಂಡೆ, ಎರಡು ವಾರ.
ಅವನಿಗೊಂದು ಆಟೋ ಕೊಟ್ಟೆ, ಸಾಲ ಕೊಟ್ಟೆ,
ಹೊಡೆಯುವ ಕೈ ಕೊಟ್ಟೆ.
ಒಬ್ಬಳು ನನ್ನ ಬೆನ್ನು ಸವರಿ ಅತ್ತಳು.
ಮನೆಗೆ ಬಂದರೆ, ನನ್ನವನು
ನನ್ನ ಪಾಲಿನ ಮುದ್ದೆಯ ಮೇಲೆ ಬಟ್ಟಲು ಕವುಚಿ
ಕಾಯುತ್ತ ಕೂತಿದ್ದ.

ಮೂರನೇ ಭಾನುವಾರ, ಗೋಡೆಯಾಚೆ
ಯಾರೋ ಹೇಳುತ್ತಿದ್ದರು:
"ಲೋಟದ ತಳದ ಹನಿಗೆ ಬೆರಳು ಹಾಕಿ ಚೀಪ್ತಿದ್ದೆ,
ಮಗು ಜೇನುತುಪ್ಪ ಚೀಪೋ ಹಾಗೆ."
ಕೋಣೆಗೆ ಕೋಣೆಯೇ ನಕ್ಕಿತು.
ಈಚೆ ಯಾರೂ ನಗಲಿಲ್ಲ.
ನನ್ನ ಬಲಗೈ ತೋರುಬೆರಳು
ತಾನಾಗಿ ಮಡಿಚಿಕೊಂಡಿತು.

ಎದ್ದೆ.
"ಬಾತ್ರೂಮು ಆ ಕಡೆಯಮ್ಮ" ಅಂದರು ಅಂತೋಣಪ್ಪ.
ಅಲ್ಲ, ಎಡಗಡೆ, ಅಂದೆ.
ಅವರು ಮುಖ ನೋಡಲಿಲ್ಲ, ಕೈ ನೋಡಿದರು.
ಕ್ಯಾನಿನಿಂದ ಟೀ ಬಗ್ಗಿಸಿ ಅರ್ಧಕ್ಕೇ ನಿಲ್ಲಿಸಿದರು.
"ಹೊಸಬರಿಗೆ ಅರ್ಧ. ಚೆಲ್ಲಲ್ಲ.
ಇನ್ನರ್ಧ ಎಲ್ಲಿಗೂ ಹೋಗಲ್ಲ."

ಹನ್ನೊಂದು ಗಂಡಸರು, ಒಂದು ಕುಂಟು ಕುರ್ಚಿ.
ನನ್ನ ಹೆಸರು ಜಯಶೀಲಾ, ಅಂದೆ.
ಮುಂದಿನ ಮಾತಿಗೆ ಯಾರೂ ಅವಸರ ಮಾಡಲಿಲ್ಲ.
ಫ್ಯಾನು ತಿರುಗುತ್ತಿತ್ತು.
ಟೀ ಅಲುಗಿ ಅಂಚಿನವರೆಗೆ ಬಂತು,
ವಾಪಸು ಹೋಯಿತು.