ಕೂಗಳತೆ

ಪ್ರಶ್ನೆ ಹದಿನಾಲ್ಕು: ಹತ್ತಿರದ ಎಟಿಎಂ ಎಷ್ಟು ದೂರ?
ಕಿಲೋಮೀಟರಿನಲ್ಲಿ ಬರೆಯಿರಿ, ಇಲ್ಲವೇ ನಿಮಿಷದಲ್ಲಿ.
ಹೈಮಾ ದಾಟಿ ಮೂರನೇ ದಿನ. ಟ್ಯಾಬ್ಲೆಟ್ಟಿನ ಗಾಜು
ಬಿಸಿಲಿಗೆ ಕಾದು ನನ್ನ ಬೆರಳಿನ ಗುರುತೇ ಮರೆತಿದೆ.
ಪೆನ್ಸಿಲ್ ತೆಗೆದೆ.

ಕ್ಯಾಂಪಿನ ಅಡುಗೆಯ ಮೊಫಿಜುಲ್ ಈರುಳ್ಳಿ ಹೆಚ್ಚುತ್ತ ಹೇಳಿದ:
ಎರಡು ಶುಕ್ರವಾರ.
ನಾನು ಕೇಳಿದ್ದು ದೂರ, ಎಂದೆ.
ಅದನ್ನೇ ಹೇಳಿದೆ, ಎಂದ.
ಒಂದು ಶುಕ್ರವಾರ ಗಾಡಿ ಸಿಗುವುದಕ್ಕೆ,
ಇನ್ನೊಂದು, ಮಷೀನಿನಲ್ಲಿ ನೋಟಿರುವುದಕ್ಕೆ.

ತುಫೂಲ್ ಬಿಂತ್ ಮುಸಲ್ಲಮ್ ಒಂಟೆಹಾಲು ಕೊಟ್ಟಳು, ನೊರೆ ಸಮೇತ.
ಖಾತೆ ಇದೆಯೆ? ಇದೆ.
ಕಾರ್ಡು? ಮಗನ ಜೇಬಿನಲ್ಲಿದೆ.
ಮಗ? ನಿಜ್ವಾದಲ್ಲಿ.
ಹಾಗಾದರೆ ದೂರವೆಷ್ಟು ತಾಯಿ?
ಅವನು ಫೋನ್ ಎತ್ತಿದ ದಿನ ಹತ್ತಿರವೇ.
ಖಾತೆದಾರರ ಸಾಲಿನಲ್ಲಿ ಒಂದು ಟಿಕ್ ಹಾಕಿದೆ.
ಟಿಕ್ಕಿಗೆ ಹಾಲಿನ ಕೈ ತಾಗಿ ಕಾಗದ ಸ್ವಲ್ಪ ಉಬ್ಬಿತು.

ಮುಂದಿನ ವಾರ ಮಸ್ಕತ್ತಿನ ಕಚೇರಿಯಲ್ಲಿ
ನಿವೀನ್ ಮೇಡಂ ನಕ್ಷೆ ತೆರೆದರು: ಲಕ್ಷ ಜನಕ್ಕೆ ಶಾಖೆಗಳೆಷ್ಟು.
ನಾನು ಅಲೆದು ಬಂದ ಬಯಲು ಅಲ್ಲಿ ಕಡುಹಸಿರು!
ಜನ ಕಡಿಮೆ, ಛೇದ ಸಣ್ಣದು, ಭಾಗಲಬ್ಧ ದೊಡ್ಡದು.
ಲೆಕ್ಕ ತಪ್ಪಿರಲಿಲ್ಲ. ಎರಡು ಸಲ ಮಾಡಿ ನೋಡಿದೆ.
ಹಸಿರು ಹಸಿರಾಗಿಯೇ ಉಳಿಯಿತು.

ನಕ್ಷೆಗೆ ಏರದೆ ಉಳಿದದ್ದು ಆ ಸಂಜೆಯೊಂದೇ.

ನೀರಿನ ಟ್ಯಾಂಕರಿನ ಬಖ್ತ್ ರವಾನ್,
ಸೀಟಿನಡಿಯಿಂದ ರಬ್ಬರ್ ಬ್ಯಾಂಡಿನ ಕಟ್ಟು ತೆಗೆದ:
ಇಪ್ಪತ್ತಮೂರು ಕಾರ್ಡು, ಇಪ್ಪತ್ತಮೂರು ಜನರ ಸಂಬಳ.
ನಾಲ್ಕಂಕಿಯ ಗುಟ್ಟುಗಳೆಲ್ಲ ಮಗ್ಗಿಯಂತೆ ಬಾಯಿಪಾಠ;
ಒಂದು ಯಾರದೋ ಮಗಳು ಹುಟ್ಟಿದ ವರ್ಷ,
ಒಂದು ಊರಿನ ಬಸ್ಸಿನ ನಂಬರು.
ಕಮಿಷನ್? ಕೇಳಿದ್ದಕ್ಕೆ ಮುಖ ತಿರುಗಿಸಿದ.
ಶಾಖೆ, ಏಜೆಂಟ್, ಮೊಬೈಲ್, ಇತರೆ.
ಇತರೆಯ ಚೌಕದಲ್ಲಿ ಅವನ ಅರ್ಧ ಹೆಸರೂ ಹಿಡಿಸಲಿಲ್ಲ.

ನಿಮ್ಮ ಕಡೆ ಹೇಗೆ ಅಳೆಯುತ್ತಾರೆ, ಅಂದ.
ಇಳಕಲ್ಲಿನ ಮಾತೊಂದು ನನ್ನ ಹರಕು ಹಿಂದಿಯಲ್ಲಿ ಹೇಳಿದೆ:
ಕೂಗಳತೆ. ಕೂಗಿದರೆ ಓಗೊಡುವಷ್ಟು ದೂರ.
ನಕ್ಕ. ಹಾರ್ನ್ ಒತ್ತಿ ಹಿಡಿದ.

ತಗಡಿನ ಕೋಣೆಗಳಿಂದ ಒಬ್ಬೊಬ್ಬರೇ ಬಂದರು,
ಲುಂಗಿ ಬಿಗಿದುಕೊಳ್ಳುತ್ತ, ಮುಖಕ್ಕೆ ಸೋಪು ಹಚ್ಚಿದವನು ಹಾಗೇ.
ಅಭ್ಯಾಸಬಲ, ಎಣಿಸಿದೆ. ಇಪ್ಪತ್ತೆರಡು.
ಅವನೂ ಎಣಿಸುತ್ತಿದ್ದ.
ಉಳಿದ ಒಂದು ಕಾರ್ಡನ್ನು ತಿರುಗಿಸಿ ನೋಡಿ
ಅಂಗಿಯ ಜೇಬಿಗೆ, ಬೇರೆಯಾಗಿ, ಇಟ್ಟುಕೊಂಡ.
ಮತ್ತೊಮ್ಮೆ ಹಾರ್ನ್ ಒತ್ತಿದ.